ಅಂಗಾಂಗ ಕಸಿಯಾದವರ ಚರ್ಮದ ಆರೈಕೆ: ಉತ್ತರ ಕನ್ನಡದ ಓದುಗರ ಪ್ರಶ್ನೆಗಳಿಗೆ ಉತ್ತರ

ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡವರ ಚರ್ಮದ ತೊಂದರೆಗಳ ಬಗ್ಗೆ ಉತ್ತರ ಕನ್ನಡ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಶಸ್ತ್ರಚಿಕಿತ್ಸೆ ನಡೆಯುವುದು ಬೆಂಗಳೂರು, ಮಂಗಳೂರು, ಮಣಿಪಾಲದಂಥ ಊರುಗಳಲ್ಲಿ. ಆಮೇಲಿನ ಬದುಕು ನಡೆಯುವುದು ಶಿರಸಿಯ ಅಡಿಕೆ ತೋಟದಲ್ಲಿ, ಕಾರವಾರದ ಮೀನು ಪೇಟೆಯಲ್ಲಿ, ಕುಮಟಾದ ಗದ್ದೆ ಬಯಲಿನಲ್ಲಿ. ಕಸಿ ಮಾಡಿದ ವೈದ್ಯರು ದೂರವಿದ್ದು ಔಷಧದ ಅಂಗಡಿಯೊಂದೇ ಹತ್ತಿರವಿರುವಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಬಹುತೇಕ ಪತ್ರಗಳ ಒಳಗಿರುವ ಪ್ರಶ್ನೆ.

ಉತ್ತರಗಳಿಗೆ ಹೋಗುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಬೇರೆಯವರ ಅಂಗವನ್ನು ನಮ್ಮ ದೇಹ ಪರಕೀಯವೆಂದು ಗುರುತಿಸಿ ಅದರ ಮೇಲೆ ದಾಳಿ ಮಾಡುತ್ತದೆ. 1954ರಲ್ಲಿ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ತದ್ರೂಪಿ ಅವಳಿ ಸೋದರರ ನಡುವೆ ನಡೆದದ್ದರಿಂದ ಅಲ್ಲಿ ಈ ತೊಡಕು ಬರಲಿಲ್ಲ. ಉಳಿದವರೆಲ್ಲರೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಕಸಿಯಾದ ಅಂಗ ಕೆಲಸ ಮಾಡುವಷ್ಟು ಕಾಲವೂ ನುಂಗಬೇಕಾಗುತ್ತದೆ. ಸೋಂಕಾದಾಗ ಚರ್ಮ ಕೆಂಪಾಗುವುದು, ಬಾಯುವುದು, ಕೀವು ಕಟ್ಟುವುದು, ಜ್ವರ ಬರುವುದು ಇವೆಲ್ಲವೂ ಆ ನಿರೋಧಕ ಶಕ್ತಿ ಕೆಲಸ ಮಾಡುತ್ತಿರುವ ಗುರುತುಗಳು. ಶಕ್ತಿಯನ್ನೇ ತಗ್ಗಿಸಿದಾಗ ಗುರುತುಗಳೂ ತಗ್ಗುತ್ತವೆ. ಒಳಗೆ ರೋಗ ಆಳಕ್ಕೆ ಇಳಿದಿದ್ದರೂ ಹೊರಗೆ ಸಣ್ಣದೊಂದು ಗುಳ್ಳೆ ಮಾತ್ರ ಕಾಣಬಹುದು. ಆದ್ದರಿಂದ ಉಳಿದವರು ವಾರಗಟ್ಟಲೆ ಕಾದು ನೋಡಬಹುದಾದ ಗಾಯವನ್ನು ಕಸಿಯಾದವರು ಕಾದು ನೋಡಬಾರದು.

ಪ್ರಶ್ನೆ: ನಮ್ಮ ಯಜಮಾನರಿಗೆ ಎರಡು ವರ್ಷದ ಹಿಂದೆ ಕಿಡ್ನಿ ಕಸಿಯಾಗಿದೆ. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮತ್ತು ಪ್ರೆಡ್ನಿಸೋಲೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮಳೆಗಾಲ ಹಿಡಿದ ಮೇಲೆ ತೊಡೆ ಸಂದಿಯಲ್ಲಿ ಹುಳುಕಡ್ಡಿಯಾಯಿತು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮುಲಾಮು ಹಚ್ಚಿದಾಗ ನಾಲ್ಕು ದಿನ ತುರಿಕೆ ನಿಂತಿತು, ಈಗ ಸೊಂಟದವರೆಗೂ ಹಬ್ಬಿದೆ. ಪರಿಚಯದವರೊಬ್ಬರು ತಮಗೆ ಗುಣವಾದ ಮಾತ್ರೆಯ ಹೆಸರು ಬರೆದುಕೊಟ್ಟಿದ್ದಾರೆ. ಅದನ್ನು ಕೊಡಬಹುದೆ?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ದಯವಿಟ್ಟು ಕೊಡಬೇಡಿ. ಏಕೆ ಕೊಡಬಾರದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಒಂದು ತಪ್ಪಿನಿಂದ ಕಸಿಯಾದ ಕಿಡ್ನಿಗೇ ಪೆಟ್ಟು ಬೀಳಬಹುದು.

ಮೊದಲು ಮುಲಾಮಿನ ವಿಷಯ. ನಿಮ್ಮ ಮನೆಯಲ್ಲಿರುವ ಆ ಟ್ಯೂಬನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ. ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ ಎಂದರ್ಥ. ಶಿಲೀಂಧ್ರದ ಔಷಧ, ಬ್ಯಾಕ್ಟೀರಿಯಾದ ಔಷಧ ಮತ್ತು ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಇಂಥ ಮುಲಾಮುಗಳು ನಮ್ಮ ದೇಶದಲ್ಲಿ ಚೀಟಿಯಿಲ್ಲದೆಯೇ ಕೈಗೆ ಸಿಗುತ್ತಿರುವುದು ಹುಳುಕಡ್ಡಿ ಇಷ್ಟು ಹಟಮಾರಿಯಾಗಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಬೆಳೆಯಲು ಬಿಡುತ್ತದೆ. ಹುಳುಕಡ್ಡಿಯ ಅಂಚು ಸಾಮಾನ್ಯವಾಗಿ ಉಬ್ಬಿಕೊಂಡು, ಹೊಟ್ಟು ಏಳುತ್ತಾ ಉಂಗುರದ ಹಾಗೆ ಕಾಣುತ್ತದೆ. ಈ ಮುಲಾಮು ಹಚ್ಚಿದವರಲ್ಲಿ ಆ ಅಂಚು ಮಾಸಿ, ಉಂಗುರದೊಳಗೆ ಉಂಗುರ ಮೂಡಿ, ಅನುಭವಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ನಿಮ್ಮ ಯಜಮಾನರು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡನ್ನು ನುಂಗುತ್ತಲೂ ಇರುವುದರಿಂದ ಅವರ ಚರ್ಮ ಮೊದಲೇ ತೆಳುವಾಗಿರುತ್ತದೆ. ತೊಡೆಯ ಸಂದಿಯಲ್ಲಿ ಹಚ್ಚಿದ ಸ್ಟೀರಾಯ್ಡ್ ಅಲ್ಲಿನ ಚರ್ಮವನ್ನು ಇನ್ನಷ್ಟು ತೆಳುವಾಗಿಸಿ, ಹಿಂದಕ್ಕೆ ಹೋಗದ ಗೀರುಗಳನ್ನು ಉಳಿಸಿಬಿಡುತ್ತದೆ.

ಇನ್ನು ಮಾತ್ರೆ. ನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್ ಮತ್ತು ಸೈಕ್ಲೋಸ್ಪೋರಿನ್ ಎರಡನ್ನೂ ನಮ್ಮ ಲಿವರ್ ಮತ್ತು ಕರುಳಿನಲ್ಲಿರುವ ಒಂದು ಕಿಣ್ವ ಕರಗಿಸಿ ಹೊರಹಾಕುತ್ತದೆ. ಫ್ಲುಕೊನಜೋಲ್, ಇಟ್ರಾಕೊನಜೋಲ್, ಕೀಟೊಕೊನಜೋಲ್ ಮುಂತಾದ ಶಿಲೀಂಧ್ರನಾಶಕ ಮಾತ್ರೆಗಳು ಆ ಕಿಣ್ವವನ್ನು ತಡೆಹಿಡಿಯುತ್ತವೆ. ಆಗ ಅದೇ ಪ್ರಮಾಣದ ಟ್ಯಾಕ್ರೋಲಿಮಸ್ ರಕ್ತದಲ್ಲಿ ಮೇಲೇರುತ್ತಾ ಹೋಗಿ, ಕೈ ನಡುಕ ಶುರುವಾಗಿ, ಕಿಡ್ನಿ ಹೇಗಿದೆಯೆಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಹೆಚ್ಚಿ, ಯಾವ ಕಿಡ್ನಿಯನ್ನು ಉಳಿಸಲೆಂದು ಮಾತ್ರೆ ನುಂಗುತ್ತಿದ್ದರೋ ಅದನ್ನೇ ಆ ಮಾತ್ರೆ ಹಾಳುಮಾಡತೊಡಗುತ್ತದೆ. ಅಪಾಯ ಅಲ್ಲಿಗೆ ನಿಲ್ಲುವುದಿಲ್ಲ. ಹುಳುಕಡ್ಡಿ ವಾಸಿಯಾಯಿತೆಂದು ಮಾತ್ರೆ ನಿಲ್ಲಿಸಿದ ಕೂಡಲೇ ಕಿಣ್ವ ಮತ್ತೆ ಚುರುಕಾಗಿ ಟ್ಯಾಕ್ರೋಲಿಮಸ್ ಮಟ್ಟ ಕೆಳಗಿಳಿಯುತ್ತದೆ. ನಡುವೆ ಯಾರಾದರೂ ಅದರ ಪ್ರಮಾಣ ತಗ್ಗಿಸಿದ್ದು, ಅದನ್ನು ಮತ್ತೆ ಏರಿಸಲು ಮರೆತರೆ ದೇಹ ಕಿಡ್ನಿಯನ್ನು ತಿರಸ್ಕರಿಸಲು ದಾರಿ ಸಿಗುತ್ತದೆ. ಆದ್ದರಿಂದ ಇಂಥ ಮಾತ್ರೆ ಬೇಕೇ ಆದಾಗ ಕಸಿ ವೈದ್ಯರು ಆರಂಭದಲ್ಲೂ ಕೊನೆಯಲ್ಲೂ ರಕ್ತದ ಮಟ್ಟ ನೋಡಿಕೊಂಡು ಪ್ರಮಾಣ ಬದಲಿಸುತ್ತಾರೆ. ಚಕ್ಕೋತ ಹಣ್ಣು ಕೂಡ ಇದೇ ಕಿಣ್ವವನ್ನು ತಡೆಯುವುದರಿಂದ, ಹಿತ್ತಲಲ್ಲಿ ಮರವಿದ್ದರೂ ನಿಮ್ಮ ಯಜಮಾನರು ಅದನ್ನು ತಿನ್ನದಿರುವುದು ಒಳ್ಳೆಯದು.

ಹಾಗಾದರೆ ಏನು ಮಾಡಬೇಕು? ಮೊದಲು ಅದು ಹುಳುಕಡ್ಡಿಯೇ ಎಂದು ಖಚಿತವಾಗಬೇಕು. ಚರ್ಮವೈದ್ಯರು ಬ್ಲೇಡಿನ ಬೆನ್ನಿನಿಂದ ಅಂಚಿನ ಹೊಟ್ಟನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು ಸ್ವಲ್ಪ ಹೊತ್ತು ಕಾಯುತ್ತಾರೆ. ಚರ್ಮದ ಕೋಶಗಳು ಕರಗಿ ಮಸುಕಾದ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಶಿಲೀಂಧ್ರದ ಎಳೆಗಳು ಕವಲೊಡೆದುಕೊಂಡು ಅಡ್ಡಾದಿಡ್ಡಿ ಹರಡಿರುವುದು ಕಾಣುತ್ತದೆ. ನೋವಿಲ್ಲದ, ಖರ್ಚು ಕಡಿಮೆಯ ಪರೀಕ್ಷೆ ಇದು. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹತ್ತಿರದ ಚರ್ಮವೈದ್ಯರಲ್ಲಿಗೋ ಹೋಗಿ ಇದನ್ನು ಮಾಡಿಸಬಹುದು. ಹಬ್ಬಿರುವ ಜಾಗ ಕಡಿಮೆಯಿದ್ದರೆ ಸ್ಟೀರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಮುಲಾಮು ಸಾಕಾಗುತ್ತದೆ, ಆದರೆ ಗುರುತು ಹೋದ ಮೇಲೂ ಕೆಲವು ವಾರ ಹಚ್ಚಬೇಕು. ನಿಮ್ಮ ಯಜಮಾನರಿಗಿರುವಷ್ಟು ಹಬ್ಬಿದ್ದರೆ ಬಹುಶಃ ಮಾತ್ರೆಯೂ ಬೇಕಾಗುತ್ತದೆ. ಟರ್ಬಿನಾಫಿನ್ ಎಂಬ ಮಾತ್ರೆ ಟ್ಯಾಕ್ರೋಲಿಮಸ್ ಮಟ್ಟವನ್ನು ಅಷ್ಟಾಗಿ ಏರುಪೇರು ಮಾಡುವುದಿಲ್ಲವಾದರೂ ಕಿಡ್ನಿಯ ಕಾರ್ಯಕ್ಷಮತೆ ಕುಗ್ಗಿದ್ದಾಗ ಅದನ್ನು ಕೊಡುವಂತಿಲ್ಲ, ಮೇಲಾಗಿ ನಮ್ಮಲ್ಲಿ ಈಗ ಹರಡಿರುವ ಹುಳುಕಡ್ಡಿ ಅದಕ್ಕೆ ಹಲವರಲ್ಲಿ ಬಗ್ಗುತ್ತಿಲ್ಲ. ಯಾವುದನ್ನು ಆರಿಸಬೇಕೆಂಬುದು ಚರ್ಮವೈದ್ಯರೂ ಕಸಿ ವೈದ್ಯರೂ ಫೋನಿನಲ್ಲಾದರೂ ಮಾತಾಡಿ ತೀರ್ಮಾನಿಸಬೇಕಾದ ವಿಷಯ.

ಮಳೆಗಾಲದ ಶಿರಸಿಯಲ್ಲಿ ಬಟ್ಟೆ ಒಣಗುವುದೇ ಕಷ್ಟ ಎಂಬುದು ಗೊತ್ತಿದೆ. ಆದರೂ ಅರೆ ಒಣಗಿದ ಒಳ ಉಡುಪನ್ನು ತೊಡಿಸಬೇಡಿ. ಬಚ್ಚಲ ಒಲೆಯ ಬಿಸಿಗೆ ಒಣಗಿಸಿ ಇಸ್ತ್ರಿ ಹಾಕಿದರೆ ಒಳ್ಳೆಯದು. ತೋಟದಿಂದ ಬಂದ ಕೂಡಲೇ ಒದ್ದೆ ಬಟ್ಟೆ ಬದಲಿಸಿ, ಸಂದಿಗಳನ್ನೂ ಕಾಲ್ಬೆರಳುಗಳ ನಡುವನ್ನೂ ಒರೆಸಿಕೊಳ್ಳಲಿ. ಬೆರಳ ಸಂದಿಯಲ್ಲಿ ಕೆಸರು ಹುಣ್ಣಾದರೆ ಅದೇ ಬಾಗಿಲಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಇಡೀ ಕಾಲು ಬಾತುಕೊಳ್ಳಬಹುದು. ಟವೆಲ್ಲು ಅವರಿಗೆ ಬೇರೆಯೇ ಇರಲಿ, ಮನೆಯಲ್ಲಿ ಇನ್ಯಾರಿಗಾದರೂ ಹುಳುಕಡ್ಡಿ ಇದ್ದರೆ ಅವರಿಗೂ ಜೊತೆಯಲ್ಲೇ ಚಿಕಿತ್ಸೆಯಾಗಲಿ.

ಪ್ರಶ್ನೆ: ಮಗನಿಗೆ ಕಿಡ್ನಿ ಕಸಿಯಾಗಿ ಒಂದು ವರ್ಷವಾಯಿತು. ನಮ್ಮದು ಮೀನಿನ ವ್ಯಾಪಾರ. ಅವನು ಬೈತಖೋಲ ಬಂದರಿಗೆ ಹೋಗಿ ಮೀನು ಆರಿಸುವುದು, ಸಿಗಡಿ ಸುಲಿಯುವುದು ಮಾಡಬಹುದೆ? ಮೀನಿನ ಮುಳ್ಳು ಚುಚ್ಚಿದರೆ ಏನು ಮಾಡಬೇಕು? ಮೀನು ತಿನ್ನಬಹುದೆ?
– ತಾಯಿಯೊಬ್ಬರು, ಕಾರವಾರ

ಉತ್ತರ: ಚೆನ್ನಾಗಿ ಬೆಂದ ಮೀನನ್ನು ಅವನು ಧಾರಾಳವಾಗಿ ತಿನ್ನಬಹುದು. ಬಳಚು, ಕಲ್ವ ಮುಂತಾದ ಚಿಪ್ಪಿನ ಮೀನುಗಳನ್ನು ಮಾತ್ರ ಹಸಿಯಾಗಿ ಅಥವಾ ಅರೆಬೆಂದಂತೆ ತಿನ್ನಲೇಬಾರದು. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವೇ ನಿಮ್ಮ ಎರಡನೆಯ ಪ್ರಶ್ನೆಗೂ ಸಂಬಂಧಿಸಿದೆ.

ವಿಬ್ರಿಯೊ ವಲ್ನಿಫಿಕಸ್ ಎಂಬ ಈ ಬ್ಯಾಕ್ಟೀರಿಯಾ ಬೆಚ್ಚಗಿನ, ಉಪ್ಪು ಸ್ವಲ್ಪ ಕಡಿಮೆಯಿರುವ ಸಮುದ್ರದ ನೀರಿನಲ್ಲಿ, ಹೊಳೆ ಕಡಲನ್ನು ಸೇರುವ ಅಳಿವೆಗಳಲ್ಲಿ ಬದುಕುವಂಥದ್ದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳ ಅಳಿವೆಗಳೂ ಉಪ್ಪು ನೀರು ನುಗ್ಗುವ ಗಜನಿ ಭೂಮಿಯ ಸಿಗಡಿ ಕೆರೆಗಳೂ ಅಂಥದ್ದೇ ನೀರಿನ ಜಾಗಗಳು. ಆರೋಗ್ಯವಂತರಿಗೆ ಅದು ಸಾಮಾನ್ಯವಾಗಿ ಏನೂ ಮಾಡದು. ಲಿವರ್ ಕಾಯಿಲೆ ಇರುವವರು, ಸಕ್ಕರೆ ಕಾಯಿಲೆಯವರು ಮತ್ತು ಕಸಿಯಾದವರ ದೇಹದಲ್ಲಿ, ಗಾಯದ ಮೂಲಕವೋ ಹಸಿ ಚಿಪ್ಪಿನ ಮೂಲಕವೋ ಒಳಹೊಕ್ಕರೆ ಒಂದೆರಡು ದಿನದೊಳಗೇ ತೀವ್ರ ನೋವು, ಜ್ವರ, ರಕ್ತ ತುಂಬಿದ ಗುಳ್ಳೆಗಳು ಕಾಣಿಸಿಕೊಂಡು ಜೀವಕ್ಕೇ ಕುತ್ತಾಗಬಹುದು. ಗಾಯ ಚಿಕ್ಕದಾಗಿ ಕಾಣುತ್ತಿದ್ದು ನೋವು ಮಾತ್ರ ಸಹಿಸಲಾಗದಷ್ಟಿದ್ದರೆ ಅದನ್ನೇ ಅಪಾಯದ ಸೂಚನೆ ಎಂದು ತಿಳಿಯಬೇಕು, ಬೆಳಗಾಗಲೆಂದು ಕಾಯಬಾರದು. ಆಸ್ಪತ್ರೆಯಲ್ಲಿ ‘ಕಿಡ್ನಿ ಕಸಿಯಾಗಿದೆ, ಸಮುದ್ರದ ನೀರು ತಾಗಿದೆ’ ಎಂಬ ಎರಡೂ ಮಾತನ್ನು ಮೊದಲೇ ಹೇಳಿ. ಕೂಡಲೇ ರಕ್ತನಾಳದ ಮೂಲಕ ಔಷಧ ಶುರುವಾಗಬೇಕು, ಕೆಲವೊಮ್ಮೆ ಸತ್ತ ಚರ್ಮವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ.

ಇದಕ್ಕೆ ತೀರಾ ವಿರುದ್ಧವಾಗಿ ನಿಧಾನವಾಗಿ ಬರುವ ಸೋಂಕೂ ಒಂದಿದೆ. ಮುಳ್ಳು ಚುಚ್ಚಿದ್ದು ಮರೆತೇ ಹೋದ ಮೇಲೆ, ಕೆಲವು ವಾರ ಕಳೆದು ಬೆರಳಿನ ಮೇಲೆ ಒಂದು ಗಂಟು ಏಳುತ್ತದೆ. ಆಮೇಲೆ ಮುಂಗೈಯುದ್ದಕ್ಕೂ ಸಾಲಾಗಿ ಇನ್ನಷ್ಟು ಗಂಟುಗಳು ಮೂಡುತ್ತವೆ. ಕ್ಷಯದ ಕ್ರಿಮಿಯ ಬಳಗಕ್ಕೆ ಸೇರಿದ ಮೈಕೋಬ್ಯಾಕ್ಟೀರಿಯಂ ಮೆರಿನಂ ಇದಕ್ಕೆ ಕಾರಣವಾಗಿರಬಹುದು. ಈ ಕ್ರಿಮಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಚೆನ್ನಾಗಿ ಬೆಳೆಯುವುದರಿಂದ ದೇಹದ ತಣ್ಣನೆಯ ಭಾಗವಾದ ಕೈಗಳನ್ನೇ ಹಿಡಿಯುತ್ತದೆ. ಪ್ರಯೋಗಾಲಯಕ್ಕೆ ಮುಂಚಿತವಾಗಿ ಹೇಳದಿದ್ದರೆ ಅವರು ಮಾದರಿಯನ್ನು 37 ಡಿಗ್ರಿಯಲ್ಲಿಟ್ಟು ಏನೂ ಬೆಳೆಯಲಿಲ್ಲವೆಂದು ವರದಿ ಕೊಡುವ ಸಾಧ್ಯತೆಯಿದೆ. ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದರಲ್ಲಿ ಬಳಸುವ ರಿಫಾಂಪಿಸಿನ್ ಟ್ಯಾಕ್ರೋಲಿಮಸ್ ಮಟ್ಟವನ್ನು ತೀರಾ ಇಳಿಸಿದರೆ ಕ್ಲಾರಿಥ್ರೋಮೈಸಿನ್ ಏರಿಸುತ್ತದೆ. ಇಲ್ಲಿಯೂ ಕಸಿ ವೈದ್ಯರ ಅರಿವಿಗೆ ಬಾರದೆ ಒಂದು ಮಾತ್ರೆಯನ್ನೂ ಶುರುಮಾಡುವಂತಿಲ್ಲ.

ಮಗ ವ್ಯಾಪಾರದಲ್ಲಿ ನಿಮಗೆ ನೆರವಾಗಲಿ. ತಕ್ಕಡಿ, ಲೆಕ್ಕ, ಗಿರಾಕಿಗಳ ಮಾತುಕತೆ ಅವನದಾಗಲಿ. ಸಿಗಡಿ ಸುಲಿಯುವುದು, ಮೀನು ಕೊಯ್ಯುವುದು, ಬಲೆ ಬಿಡಿಸುವುದು ಮನೆಯ ಬೇರೆಯವರಿಗಿರಲಿ. ಅನಿವಾರ್ಯವಾದರೆ ದಪ್ಪ ರಬ್ಬರ್ ಕೈಗವಸು ಹಾಕಿಕೊಳ್ಳಲಿ. ಕೈಯಲ್ಲಿ ಸಣ್ಣ ಗೀರಿದ್ದ ದಿನ ಕಡಲ ನೀರಿಗಾಗಲಿ ಮೀನಿನ ಬುಟ್ಟಿಗಾಗಲಿ ಕೈ ಹಾಕುವುದು ಬೇಡ. ಮುಳ್ಳು ಚುಚ್ಚಿದರೆ ಹರಿಯುವ ಶುದ್ಧ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆದು, ಮುರಿದ ಮುಳ್ಳು ಒಳಗೆ ಉಳಿಯದಂತೆ ನೋಡಿಕೊಂಡು, ಅದೇ ದಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಕಿಡ್ನಿ ಕಸಿಯಾಗಿ ಎಂಟು ತಿಂಗಳು. ನಿನ್ನೆಯಿಂದ ಎದೆಯ ಬಲಭಾಗದಲ್ಲಿ ಉರಿಯೊಂದಿಗೆ ನೀರ್ಗುಳ್ಳೆಗಳೆದ್ದಿವೆ. ಸರ್ಪಸುತ್ತು ಎನ್ನುತ್ತಾರೆ. ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸಿದರೆ ಇಳಿಯುತ್ತದೆ, ಇಂಗ್ಲಿಷ್ ಔಷಧ ಮಾಡಿದರೆ ಒಳಗೆ ಸೇರುತ್ತದೆ ಎಂದು ಊರಿನವರ ಮಾತು.
– ಸೊಸೆ, ಹೊನ್ನಾವರ

ಉತ್ತರ: ಈ ಪತ್ರಕ್ಕೆ ಅಂಚೆಯಲ್ಲಿ ತಕ್ಷಣವೇ ಉತ್ತರ ಕಳಿಸಿದ್ದೇನೆ, ಉಳಿದವರಿಗೂ ಬೇಕಾಗುವುದರಿಂದ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಸರ್ಪಸುತ್ತಿಗೆ ಔಷಧವಿದೆ, ಅದಕ್ಕೆ ಗಡುವೂ ಇದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಎಸೈಕ್ಲೋವಿರ್ ಅಥವಾ ವಾಲಸೈಕ್ಲೋವಿರ್ ಶುರುಮಾಡಿದರೆ ಗುಳ್ಳೆಗಳು ಬೇಗ ಒಣಗುತ್ತವೆ, ಹರಡುವುದು ನಿಲ್ಲುತ್ತದೆ. ಕಸಿಯಾದವರಲ್ಲಿ ಗಡುವು ಮೀರಿದ್ದರೂ ಚಿಕಿತ್ಸೆ ಬಿಡುವಂತಿಲ್ಲ. ಮಾತ್ರೆಯ ಪ್ರಮಾಣವನ್ನು ಕಿಡ್ನಿಯ ಈಗಿನ ಸ್ಥಿತಿಗೆ ತಕ್ಕಂತೆ ಲೆಕ್ಕ ಹಾಕಬೇಕಾದ್ದರಿಂದ ಇತ್ತೀಚಿನ ಕ್ರಿಯಾಟಿನಿನ್ ವರದಿಯನ್ನು ಜೊತೆಗೆ ಒಯ್ಯಿರಿ.

ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಾಣು ನರದ ಬುಡದಲ್ಲಿ ಹತ್ತಾರು ವರ್ಷ ಸುಮ್ಮನಿದ್ದು, ನಿರೋಧಕ ಶಕ್ತಿ ತಗ್ಗಿದಾಗ ಆ ನರದ ಜಾಡಿನಲ್ಲೇ ಚರ್ಮಕ್ಕೆ ಇಳಿದು ಬರುವುದರಿಂದ ಗುಳ್ಳೆಗಳು ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುತ್ತವೆ. ಉಳಿದವರಲ್ಲಿ ಅದು ಆ ಪಟ್ಟಿಯಲ್ಲೇ ಮುಗಿಯುತ್ತದೆ. ಕಸಿಯಾದವರಲ್ಲಿ ಮೈಯೆಲ್ಲಾ ಹರಡಬಹುದು, ಶ್ವಾಸಕೋಶ, ಲಿವರ್, ಮಿದುಳನ್ನೂ ಮುಟ್ಟಬಹುದು. ಪಟ್ಟಿಯ ಹೊರಗೆ ಬೇರೆ ಕಡೆಯೂ ಗುಳ್ಳೆ ಕಂಡರೆ, ಹಣೆ ಅಥವಾ ಮೂಗಿನ ತುದಿಯಲ್ಲಿ ಎದ್ದರೆ, ಉಸಿರಾಟ ಕಷ್ಟವಾದರೆ ಮನೆಯಲ್ಲಿಟ್ಟುಕೊಳ್ಳದೆ ಆಸ್ಪತ್ರೆಗೆ ಸೇರಿಸಿ. ಮೂಗಿನ ತುದಿಯ ಗುಳ್ಳೆ ಕಣ್ಣಿಗೂ ತಗಲುತ್ತದೆಂಬ ಮುನ್ಸೂಚನೆ.

ಔಷಧದಿಂದ ರೋಗ ಒಳಗೆ ಸೇರುವುದಿಲ್ಲ, ಔಷಧವಿಲ್ಲದಿದ್ದರೆ ಸೇರಬಹುದು. ಹಿರಿಯರಿಗೆ ಮಂತ್ರದಿಂದ ಮನಸ್ಸಿಗೆ ಸಮಾಧಾನವಾಗುತ್ತದೆ ಎಂದಿದ್ದರೆ ಅದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಮಾತ್ರೆ ಶುರುವಾದ ಮೇಲೆ. ಕೆಮ್ಮಣ್ಣು ಮಾತ್ರ ಖಂಡಿತ ಬೇಡ. ಒಡೆದ ಗುಳ್ಳೆಗೆ ಮಣ್ಣು ತಾಗಿದರೆ ಬ್ಯಾಕ್ಟೀರಿಯಾ, ಶಿಲೀಂಧ್ರ ಎರಡಕ್ಕೂ ದಾರಿಯಾಗುತ್ತದೆ. ಗುಳ್ಳೆಗಳು ಹಕ್ಕಳೆಗಟ್ಟುವವರೆಗೆ ಮುಚ್ಚಿಡಿ. ಸೀತಾಳೆ ಸಿಡುಬು ಬಾರದ, ಲಸಿಕೆಯೂ ಆಗದ ಮಕ್ಕಳು ಮತ್ತು ಗರ್ಭಿಣಿಯರು ಅವರಿಂದ ದೂರವಿರಲಿ. ಜೀವಂತ ವೈರಾಣು ಇಲ್ಲದ ಸರ್ಪಸುತ್ತಿನ ಲಸಿಕೆ ಈಗ ಭಾರತದಲ್ಲೂ ಸಿಗುತ್ತಿದೆ. ಎರಡು ಡೋಸುಗಳ ಈ ಲಸಿಕೆಯನ್ನು ಸಾಧ್ಯವಾದರೆ ಕಸಿಗೆ ಮುಂಚೆಯೇ ಹಾಕಿಸಿಕೊಳ್ಳುವುದು ಲೇಸು, ನಂತರವೂ ಕಸಿ ವೈದ್ಯರು ಹೇಳಿದ ಸಮಯಕ್ಕೆ ಹಾಕಿಸಿಕೊಳ್ಳಬಹುದು.

ಪ್ರಶ್ನೆ: ತೋಟದಲ್ಲಿ ಬಿದಿರಿನ ಮುಳ್ಳು ತಾಗಿದ ಜಾಗದಲ್ಲಿ, ಪಾದದ ಮೇಲೆ, ನೋವಿಲ್ಲದ ಗಂಟೊಂದು ಎದ್ದು ನಿಧಾನವಾಗಿ ದೊಡ್ಡದಾಗುತ್ತಿದೆ. ನನಗೆ ಕಿಡ್ನಿ ಕಸಿಯಾಗಿ ಐದು ವರ್ಷ. ನೋವಿಲ್ಲದ್ದರಿಂದ ಬಿಡಬಹುದೆ?
– ಕೃಷಿಕರು, ಸಿದ್ದಾಪುರ

ಉತ್ತರ: ನೋವಿಲ್ಲ ಎಂಬುದೇ ನನಗೆ ಆತಂಕ ತರುವ ಸಂಗತಿ. ಕೊಳೆತ ಕಟ್ಟಿಗೆ, ದರಕು (ಒಣಗಿ ಬಿದ್ದ ಎಲೆ), ಮಣ್ಣಿನಲ್ಲಿ ಬದುಕುವ ಕಪ್ಪು ಬಣ್ಣದ ಶಿಲೀಂಧ್ರಗಳು ಮುಳ್ಳಿನ ಜೊತೆ ಚರ್ಮದ ಕೆಳಗೆ ಸೇರಿಕೊಂಡು ಹೀಗೆಯೇ ಗಂಟು ಕಟ್ಟುತ್ತವೆ. ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ, ಕ್ಷಯ, ಕೆಲವೊಮ್ಮೆ ಗಡ್ಡೆ ಕೂಡ ಹೀಗೆಯೇ ಕಾಣಬಹುದು. ಕಣ್ಣಿನಿಂದ ನೋಡಿ ಯಾವುದೆಂದು ಹೇಳಲಾಗದು, ಒಂದು ಚೂರು ತೆಗೆದು ಪರೀಕ್ಷಿಸಬೇಕು. ಇಲ್ಲಿ ನೀವು ನೆನಪಿಟ್ಟುಕೊಂಡು ವೈದ್ಯರನ್ನು ಕೇಳಬೇಕಾದ ಮಾತೊಂದಿದೆ: ತೆಗೆದ ಚೂರಿನ ಅರ್ಧವನ್ನು ಮಾತ್ರ ಅದು ಕೆಡದಂತಿಡುವ ದ್ರಾವಣವಾದ ಫಾರ್ಮಲಿನ್‌ನಲ್ಲಿ ಹಾಕಿ, ಇನ್ನರ್ಧವನ್ನು ಶುದ್ಧ ಸಲೈನಿನಲ್ಲಿಟ್ಟು ಶಿಲೀಂಧ್ರ, ಕ್ಷಯ ಮತ್ತು ಬ್ಯಾಕ್ಟೀರಿಯಾದ ಕಲ್ಚರ್ ಪರೀಕ್ಷೆಗೆ ಕಳಿಸಬೇಕು. ಫಾರ್ಮಲಿನ್ ತಾಗಿದ ಚೂರಿನಲ್ಲಿ ಯಾವ ಕ್ರಿಮಿಯೂ ಬೆಳೆಯುವುದಿಲ್ಲ. ಪೂರ್ತಿ ಅದರಲ್ಲೇ ಮುಳುಗಿಸಿಬಿಟ್ಟರೆ ಎರಡನೆಯ ಸಲ ಕೊಯ್ಯಬೇಕಾಗುತ್ತದೆ. ಬ್ಲೇಡಿನಿಂದ ಒಡೆಯುವುದು, ಸುಡುವುದು, ಎಲೆಯ ರಸ ಕಟ್ಟುವುದು ಮಾಡಬೇಡಿ.

ತೋಟದ ಕೆಲಸ ಬಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ, ಬಿಡುವ ಅಗತ್ಯವೂ ಇಲ್ಲ. ಗಂಬೂಟು, ಉದ್ದ ತೋಳಿನ ಅಂಗಿ, ಕೈಗವಸು ಹಾಕಿಕೊಂಡು ಹೋಗಿ. ದರಕು ಗುಡಿಸುವುದು, ಗೊಬ್ಬರದ ಗುಂಡಿ ಇಳಿಯುವುದನ್ನು ಬೇರೆಯವರಿಗೆ ಒಪ್ಪಿಸಿ. ಉಂಬಳ ಕಚ್ಚಿದ ಜಾಗವನ್ನು ಕೆರೆಯದೆ ಸೋಪಿನಿಂದ ತೊಳೆಯಿರಿ. ನಿಮ್ಮ ಭಾಗದಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯವೂ ಇರುವುದರಿಂದ ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗಿ ಬಂದ ದಿನ ಉಣುಗು ಹತ್ತಿದೆಯೇ ಎಂದು ಮೈಯೆಲ್ಲಾ ನೋಡಿಕೊಳ್ಳಿ.

ಪ್ರಶ್ನೆ: ಕಸಿಯಾದವರಿಗೆ ಚರ್ಮದ ಕ್ಯಾನ್ಸರ್ ಬರುತ್ತದೆ ಎಂದು ಓದಿದೆ. ನಮ್ಮಂಥ ಕಪ್ಪು ಬಣ್ಣದವರಿಗೂ ಬರುತ್ತದೆಯೆ? ನನ್ನ ಕೈಬೆರಳುಗಳಲ್ಲಿ ತುಂಬಾ ನರಹುಲಿಗಳಾಗಿವೆ.
– ನಿವೃತ್ತ ಶಿಕ್ಷಕರು, ಕುಮಟಾ

ಉತ್ತರ: ಬಿಳಿ ಚರ್ಮದ ಜನರಿರುವ ದೇಶಗಳಲ್ಲಿ ಕಸಿಯಾದವರಿಗೆ ಸ್ಕ್ವೇಮಸ್ ಸೆಲ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಉಳಿದವರಿಗಿಂತ 65 ಪಟ್ಟು ಅಥವಾ ಅದಕ್ಕೂ ಹೆಚ್ಚು ಕಾಣಿಸಿಕೊಳ್ಳುತ್ತದೆ. ನಮ್ಮ ಚರ್ಮದ ಬಣ್ಣ ನಮಗೆ ದೊಡ್ಡ ರಕ್ಷಣೆ. ಇಲ್ಲಿ ಸೋಂಕುಗಳ ಕಾಟವೇ ಹೆಚ್ಚು. ಆದರೆ ಅಪಾಯ ಇಲ್ಲವೇ ಇಲ್ಲವೆಂದಲ್ಲ. ಕಪ್ಪು ಚರ್ಮದವರಲ್ಲಿ ಈ ಕ್ಯಾನ್ಸರ್ ಬಿಸಿಲು ಬೀಳದ ಕಡೆ, ಅಂದರೆ ಗುಪ್ತಾಂಗ, ಗುದದ್ವಾರದ ಸುತ್ತ, ಹಳೆಯ ಗಾಯದ ಕಲೆಯ ಮೇಲೆ ಬರುವುದುಂಟು. ನಾಚಿಕೆಯಿಂದ ತೋರಿಸದೆ ಉಳಿಯುವುದು ಈ ಜಾಗಗಳೇ. ನರಹುಲಿಗೆ ಕಾರಣವಾದ ಪ್ಯಾಪಿಲೋಮಾ ವೈರಾಣುವಿನ ಕೆಲವು ಬಗೆಗಳಿಗೆ ಇದರಲ್ಲಿ ಪಾಲಿದೆ.

ನಿಮ್ಮ ಬೆರಳಿನ ನರಹುಲಿಗಳು ಬಹುಮಟ್ಟಿಗೆ ನಿರುಪದ್ರವಿಯೇ. ಕಸಿಯಾಗಿ ವರ್ಷಗಳು ಕಳೆದಂತೆ ಅವು ಹೆಚ್ಚುವುದು ಸಾಮಾನ್ಯ. ದ್ರವಸಾರಜನಕದಿಂದ ಹೆಪ್ಪುಗಟ್ಟಿಸಿ ಅಥವಾ ಸ್ಯಾಲಿಸಿಲಿಕ್ ಆಮ್ಲ ಹಚ್ಚಿ ತೆಗೆಯಬಹುದು, ಮರಳಿ ಬರುತ್ತವೆ ಎಂಬುದೂ ತಿಳಿದಿರಲಿ. ಒಂದು ನರಹುಲಿ ಮಾತ್ರ ಉಳಿದವುಗಳಿಗಿಂತ ಬೇಗ ಬೆಳೆದರೆ, ಬುಡ ಗಟ್ಟಿಯಾದರೆ, ರಕ್ತ ಸೋರಿದರೆ, ನಾಲ್ಕು ವಾರವಾದರೂ ಮಾಯದ ಹುಣ್ಣಾದರೆ ಅದನ್ನು ಪರೀಕ್ಷೆಗೆ ಕಳಿಸಲೇಬೇಕು. ಕಾಲಿನ ಮೇಲೆ ನೇರಳೆ ಬಣ್ಣದ ಮಚ್ಚೆಗಳೆದ್ದರೂ ತೋರಿಸಿ.

ನಿರೋಧಕ ಶಕ್ತಿ ತಗ್ಗಿಸಲು ನೀವು ಅಜಥಯೋಪ್ರಿನ್ ಎಂಬ ಮಾತ್ರೆ ತೆಗೆದುಕೊಳ್ಳುವವರಾದರೆ ಬಿಸಿಲಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅದು ಚರ್ಮದ ಕೋಶಗಳನ್ನು ನೇರಳಾತೀತ ಕಿರಣಗಳಿಗೆ ಸೂಕ್ಷ್ಮವಾಗಿಸುತ್ತದೆ. ಅಡಿಕೆ ತೋಟದ ನೆರಳಿನಲ್ಲಿರುವವರಿಗಿಂತ ಗದ್ದೆ, ದೋಣಿ, ಕಡಲ ತೀರದಲ್ಲಿ ದುಡಿಯುವವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಅಗಲ ಅಂಚಿನ ಟೋಪಿ ಮತ್ತು ತೋಳಿನ ಅಂಗಿ ಯಾವ ಕ್ರೀಮಿಗಿಂತಲೂ ಮೇಲು. ಮುಖಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ.

ನಮ್ಮ ಜಿಲ್ಲೆಯವರಿಗೆ ಬಿಸಿಲಿಗಿಂತಲೂ ಮುಖ್ಯವಾಗಿ ಹೇಳಬೇಕಾದದ್ದು ಕವಳದ, ಅಂದರೆ ಎಲೆ ಅಡಿಕೆಯ ಬಗ್ಗೆ. ತುಟಿ ಮತ್ತು ಬಾಯಿಯ ಕ್ಯಾನ್ಸರ್ ಕಸಿಯಾದವರಲ್ಲಿ ಹೆಚ್ಚು. ಅಡಿಕೆ ಮತ್ತು ತಂಬಾಕು ತಾವಾಗಿಯೇ ಬಾಯಿಯ ಕ್ಯಾನ್ಸರ್ ತರುವಂಥವು. ಈ ಎರಡು ಅಪಾಯಗಳು ಒಂದೇ ಬಾಯಲ್ಲಿ ಕೂಡಬಾರದು. ಅಡಿಕೆ ಬೆಳೆಯುವ ಮನೆಗಳಲ್ಲಿ ಊಟವಾದ ಮೇಲೆ ಕವಳದ ಹರಿವಾಣ ಮುಂದೆ ಬರುವುದು ಆದರದ ಗುರುತು ಎಂಬುದನ್ನು ಬಲ್ಲೆ. ಆದರೂ ಕಸಿಯಾದವರು ಅದನ್ನು ಬಿಡಲೇಬೇಕು, ಮನೆಯವರು ಅವರ ಮುಂದೆ ಹರಿವಾಣ ಇಡದಿರಲಿ. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಕಲೆ ಕಂಡರೆ, ಬಾಯಿ ಮೊದಲಿನಷ್ಟು ತೆರೆಯಲಾಗದಿದ್ದರೆ ದಂತವೈದ್ಯರಿಗಾದರೂ ಕೂಡಲೇ ತೋರಿಸಿ.

ಪ್ರಶ್ನೆ: ನನಗೆ 22 ವರ್ಷ, ಕಿಡ್ನಿ ಕಸಿಯಾಗಿದೆ. ಸೈಕ್ಲೋಸ್ಪೋರಿನ್ ಶುರುವಾದ ಮೇಲೆ ಮುಖದಲ್ಲಿ ಕೂದಲು, ಮೊಡವೆ ಎರಡೂ ಹೆಚ್ಚಾಗಿವೆ. ಕಾಲೇಜಿಗೆ ಹೋಗಲು ಸಂಕೋಚವಾಗುತ್ತದೆ. ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಂಡರೆ ಆಗದೆ?
– ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ತಂಗೀ, ಆಗದು. ಒಂದು ದಿನವೂ ಬಿಡಬೇಡಿ. ಕಿಡ್ನಿ ಕೈಬಿಟ್ಟರೆ ಮತ್ತೆ ಡಯಾಲಿಸಿಸ್ಸಿಗೆ ಮರಳಬೇಕಾಗುತ್ತದೆ. ಆದರೆ ನಿಮ್ಮ ಸಂಕೋಚ ಸಣ್ಣ ವಿಷಯವೆಂದು ನಾನು ಭಾವಿಸುವುದಿಲ್ಲ, ಇದನ್ನು ಕಸಿ ವೈದ್ಯರ ಮುಂದೆ ಬಾಯಿಬಿಟ್ಟು ಹೇಳುವ ಹಕ್ಕು ನಿಮಗಿದೆ. ಕೂದಲು ಹೆಚ್ಚುವುದು ಸೈಕ್ಲೋಸ್ಪೋರಿನ್‌ನ ಗುಣ. ಟ್ಯಾಕ್ರೋಲಿಮಸ್‌ಗೆ ಅದಿಲ್ಲ, ಬದಲಿಗೆ ತಲೆಗೂದಲು ಸ್ವಲ್ಪ ಉದುರಬಹುದು. ನಿಮ್ಮ ಕಿಡ್ನಿಯ ಸ್ಥಿತಿ ನೋಡಿ ವೈದ್ಯರು ಬದಲಿಸುವುದುಂಟು. ಅಲ್ಲಿಯವರೆಗೆ ಟ್ರಿಮ್ಮರ್ ಬಳಸಬಹುದು, ಚರ್ಮಕ್ಕೆ ಗಾಯವಾಗುವ ವ್ಯಾಕ್ಸಿಂಗ್ ಬೇಡ. ಮೊಡವೆಗೆ ಪ್ರೆಡ್ನಿಸೋಲೋನ್ ಕಾರಣವಾಗಿರಬಹುದು, ಅದರ ಪ್ರಮಾಣ ಇಳಿದಂತೆ ಅವೂ ಇಳಿಯುತ್ತವೆ; ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ಲನ್ನು ಚರ್ಮವೈದ್ಯರ ಸಲಹೆಯಂತೆ ಹಚ್ಚಬಹುದು. ಎರಿಥ್ರೋಮೈಸಿನ್ ಮಾತ್ರೆ ಮಾತ್ರ ಬೇಡ, ಅದು ಸೈಕ್ಲೋಸ್ಪೋರಿನ್ ಮಟ್ಟವನ್ನು ಏರಿಸುತ್ತದೆ. ಮುಖ ಬೆಳ್ಳಗಾಗುವ ಕ್ರೀಮುಗಳ ಹತ್ತಿರವೂ ಹೋಗಬೇಡಿ. ಅವುಗಳಲ್ಲಿ ಕೆಲವು ಸ್ಟೀರಾಯ್ಡನ್ನೂ ಕೆಲವು ಕಿಡ್ನಿಗೆ ಹಾನಿ ಮಾಡುವ ಪಾದರಸವನ್ನೂ ಅಡಗಿಸಿಕೊಂಡಿರುತ್ತವೆ.

ಪ್ರಶ್ನೆ: ನಾನು ತಮ್ಮನಿಗೆ ಕಿಡ್ನಿ ಕೊಟ್ಟಿದ್ದೇನೆ. ನನಗೂ ಈ ಎಚ್ಚರಿಕೆಗಳೆಲ್ಲಾ ಬೇಕೆ? ನಮ್ಮದು ಕೂಡು ಕುಟುಂಬ, ಮಕ್ಕಳಿಗೆ ಲಸಿಕೆ ಹಾಕಿಸಿದರೆ ತಮ್ಮನಿಗೆ ತೊಂದರೆಯೆ?
– ಅಕ್ಕ, ಭಟ್ಕಳ

ಉತ್ತರ: ನೀವು ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಮೇಲಿನ ಚರ್ಮದ ಎಚ್ಚರಿಕೆಗಳು ನಿಮಗೆ ಬೇಕಿಲ್ಲ. ನಿಮ್ಮ ವರ್ಷದ ತಪಾಸಣೆಯನ್ನು ತಪ್ಪಿಸದಿದ್ದರೆ ಸಾಕು. ಮನೆಯಲ್ಲಿ ಯಾರಿಗಾದರೂ ಕಜ್ಜಿಯಾದರೆ ಎಲ್ಲರೂ ಒಂದೇ ದಿನ ಔಷಧ ಹಚ್ಚಿಕೊಳ್ಳಿ. ಕಸಿಯಾದವರಲ್ಲಿ ಕಜ್ಜಿ ಹುಳುಗಳು ಲೆಕ್ಕವಿಲ್ಲದಷ್ಟು ಹೆಚ್ಚಿ ಚರ್ಮ ದಪ್ಪ ಹೊಟ್ಟಿನಂತಾಗುತ್ತದೆ, ತುರಿಕೆ ಮಾತ್ರ ಕಡಿಮೆಯಿರುವುದರಿಂದ ಬೇರೇನೋ ಎಂದುಕೊಳ್ಳುವುದುಂಟು.

ಮಕ್ಕಳಿಗೆ ಲಸಿಕೆಗಳನ್ನು ತಪ್ಪದೆ ಹಾಕಿಸಿ, ಬಾಯಿಯ ಪೋಲಿಯೊ ಹನಿಯ ಬಗ್ಗೆ ಮಾತ್ರ ಮೊದಲು ವೈದ್ಯರನ್ನು ಕೇಳಿ. ಮನೆಯ ಮಕ್ಕಳಿಗೆ ರೋಗ ಬಾರದಿದ್ದರೆ ನಿಮ್ಮ ತಮ್ಮನಿಗೂ ಅದು ತಗಲುವುದಿಲ್ಲ. ಸೀತಾಳೆ ಸಿಡುಬಿನ ಲಸಿಕೆಯಾದ ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಅವು ಒಣಗುವವರೆಗೆ ತಮ್ಮ ದೂರವಿರಲಿ. ಬಾಯಿಯ ಪೋಲಿಯೊ ಹನಿ ಹಾಕಿಸಿದ ಕೂಸಿನ ಬಟ್ಟೆಯನ್ನು ಕೆಲವು ವಾರ ಅವರು ತೊಳೆಯದಿರಲಿ. ತಮ್ಮನಿಗೆ ಮಾತ್ರ ದಡಾರ, ಸೀತಾಳೆ ಸಿಡುಬಿನಂಥ ಜೀವಂತ ವೈರಾಣುವಿನ ಲಸಿಕೆಗಳನ್ನು ಕೊಡಿಸುವಂತಿಲ್ಲ. ಅವರಿಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿರದೆ, ಈಗ ಮನೆಯಲ್ಲೋ ನೆರೆಯಲ್ಲೋ ಯಾರಿಗಾದರೂ ಬಂದರೆ, ಗುಳ್ಳೆ ಏಳಲೆಂದು ಕಾಯದೆ ಅದೇ ದಿನ ಕಸಿ ವೈದ್ಯರಿಗೆ ಫೋನು ಮಾಡಿ ತಿಳಿಸಿ. ಗುಳ್ಳೆ ಏಳುವ ಮುಂಚೆ ಕೊಡಬಹುದಾದ ರಕ್ಷಣೆಯ ಔಷಧಗಳಿವೆ.